ಸೂಪರ್ ಅಂದ್ರೆ ಎಷ್ಟು ಮೇಲೆ?

ಮಕ್ಕಳೇ, ನಿನ್ನೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನೀವು ಎಷ್ಟು ಸಲ ‘ಸೂಪರ್’ ಅಂದಿರಿ? ಲೆಕ್ಕ ಇಟ್ಟಿಲ್ಲ ತಾನೇ? ನಾನು ಇಟ್ಟಿದ್ದೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಲೆಕ್ಕ ಬರೆದವನಿಗೆ ನಿವೃತ್ತಿಯಾದ ಮೇಲೂ ಕೈ ಸುಮ್ಮನಿರುವುದಿಲ್ಲ. ಕಳೆದ ಭಾನುವಾರ ಪಾರ್ವತಿನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಹಳೆಯ ಡೈರಿಯ ಹಿಂದಿನ ಹಾಳೆಯಲ್ಲಿ ಒಂದೊಂದು ಸಲಕ್ಕೆ ಒಂದೊಂದು ಗೀಟು ಎಳೆಯುತ್ತಾ ಹೋದೆ. ರಾತ್ರಿ ಕೂಡಿಸಿದಾಗ 41 ಆಯಿತು. ಬೀದಿ ಕೊನೆಯ ಗಾಡಿಯಿಂದ ತಂದ ಒಗ್ಗರಣೆ–ಮಿರ್ಚಿಗೆ ಸೂಪರ್. ಕ್ರಿಕೆಟ್ಟಿನ ಸಿಕ್ಸರಿಗೆ ಸೂಪರ್. ಪಕ್ಕದ ಮನೆಯವರು ಕೊಂಡ ಸ್ಕೂಟರಿಗೆ ಸೂಪರ್. ಮಧ್ಯಾಹ್ನ ಹೋದ ಕರೆಂಟು ಬಂದದ್ದಕ್ಕೆ ಕೂಡ ಸೂಪರ್!

ಇಷ್ಟು ದುಡಿಯುವ ಪದ ಎಲ್ಲಿಂದ ಬಂತು, ಅದರ ಬಂಧುಬಳಗ ಯಾರು, ಅದರ ನಿಜವಾದ ಅರ್ಥವೇನು ಎಂದು ವಿಚಾರಿಸಿಕೊಳ್ಳೋಣ ಬನ್ನಿ. ಅಜ್ಜ ಅಜ್ಜಿಯರೂ ಕನ್ನಡಕ ಹಾಕಿಕೊಂಡು ಬರಬೇಕು. ನಿಮಗೆ ಬೇಕಾದ ಕೆಲವು ಸಂಗತಿಗಳೂ ಇದರಲ್ಲಿವೆ.

‘ಸೂಪರ್’ ಮೂಲದಲ್ಲಿ ಇಂಗ್ಲಿಷ್ ಪದವಲ್ಲ. ಅದು ಲ್ಯಾಟಿನ್. ರೋಮ್ ಸಾಮ್ರಾಜ್ಯದವರ ಭಾಷೆಯಲ್ಲಿ ಸೂಪರ್ ಎಂದರೆ ‘ಮೇಲೆ’, ಅಷ್ಟೆ. ಮೇಜಿನ ಮೇಲೆ, ಗೋಡೆಯ ಮೇಲೆ ಅನ್ನುತ್ತೇವಲ್ಲ, ಆ ‘ಮೇಲೆ’. ಹೊಗಳಿಕೆಯ ಸುಳಿವೇ ಇರಲಿಲ್ಲ. ಇದೇ ಪದಕ್ಕೆ ಸಂಸ್ಕೃತದಲ್ಲಿ ಒಬ್ಬ ಅಣ್ಣ ಇದ್ದಾನೆ, ‘ಉಪರಿ’. ಅರ್ಥ ಅದೇ, ಮೇಲೆ. ಗ್ರೀಕಿನಲ್ಲಿ ಇನ್ನೊಬ್ಬ ಇದ್ದಾನೆ, ‘ಹೈಪರ್’. ಡಾಕ್ಟರು ರಕ್ತದೊತ್ತಡ ನೋಡಿ ‘ಹೈಪರ್‌ಟೆನ್ಷನ್’ ಅನ್ನುತ್ತಾರಲ್ಲ, ಅವನೇ. ಜರ್ಮನಿಯಲ್ಲಿ ಅವನ ಹೆಸರು ‘ಊಬರ್’. ಇಂಗ್ಲಿಷಿನ ಸ್ವಂತ ಮಗ ‘ಓವರ್’. ಇವರೆಲ್ಲ ಸಾವಿರಾರು ವರ್ಷಗಳ ಹಿಂದೆ ಒಂದೇ ಮನೆಯಿಂದ ಹೊರಟು ಬೇರೆ ಬೇರೆ ಊರಿಗೆ ಹೋಗಿ ನೆಲೆಸಿದವರು ಎಂದು ಭಾಷಾ ಪಂಡಿತರು ಹೇಳುತ್ತಾರೆ.

ಉಪರಿ ಎಂದಕೂಡಲೇ ನಿಮಗೆ ಏನಾದರೂ ಹೊಳೆಯಿತೇ? ಹಳೆಯ ಮಾಳಿಗೆ ಮನೆಗಳಲ್ಲಿ ಮೆಟ್ಟಿಲು ಹತ್ತಿ ಹೋಗುವ ‘ಉಪ್ಪರಿಗೆ’! ಆ ಪದ ಉಪರಿಯಿಂದಲೇ ಬಂದದ್ದು. ಅಂದರೆ ನೀವು ಅನ್ನುವ ಸೂಪರ್ರಿಗೂ ನಿಮ್ಮ ಮುತ್ತಜ್ಜಿ ಹಪ್ಪಳ ಒಣಗಿಸುತ್ತಿದ್ದ ಉಪ್ಪರಿಗೆಗೂ ದೂರದ ನೆಂಟಸ್ತನ.

ಈ ಪದದ ಸಂಸಾರ ಬಹಳ ದೊಡ್ಡದು. ನಾನು ಕೆಲಸ ಮಾಡಿದ ಬ್ಯಾಂಕಿನೊಳಗೇ ನಾಲ್ಕಾರು ಮಂದಿ ಸಿಗುತ್ತಿದ್ದರು. ಸೂಪರ್‌ವೈಸರ್, ಅಂದರೆ ಮೇಲಿನಿಂದ ನೋಡುವವನು. ಸೂಪರಿಂಟೆಂಡೆಂಟ್ ಕೂಡ ಅದೇ ಕುಲ. ಫ್ರಾನ್ಸ್ ದೇಶಕ್ಕೆ ಹೋದ ಸೂಪರ್ ಅಲ್ಲಿ ಬಡಕಲಾಗಿ ‘ಸುರ್’ ಆಯಿತು. ಅದು ಇಂಗ್ಲಿಷಿಗೆ ಬಂದಾಗ ಸರ್‌ಪ್ಲಸ್, ಸರ್‌ಚಾರ್ಜ್ ಆಯಿತು. ಸರ್‌ಪ್ಲಸ್ ಅನ್ನು ಎಲ್ಲರೂ ಮೆಚ್ಚುತ್ತಾರೆ, ಸರ್‌ಚಾರ್ಜನ್ನು ಯಾರೂ ಮೆಚ್ಚುವುದಿಲ್ಲ. ಎರಡರಲ್ಲೂ ಇರುವುದು ಒಂದೇ ‘ಮೇಲೆ’.

ಇನ್ನು ಬಂಗಾರದ ಅಂಗಡಿಗೆ ಬನ್ನಿ. ನಮ್ಮ ಕಡೆ ತೊಲದ ಲೆಕ್ಕವೇ ಹೆಚ್ಚಾದರೂ ‘ಸವರನ್’ ಎಂಬ ಮಾತನ್ನೂ ಕೇಳಿರುತ್ತೀರಿ. ಅದು ಇಂಗ್ಲೆಂಡಿನ ‘ಸಾವರಿನ್’ ಎಂಬ ಚಿನ್ನದ ನಾಣ್ಯದ ಹೆಸರು. 1489ರಲ್ಲಿ ಏಳನೆಯ ಹೆನ್ರಿ ರಾಜ ಅದನ್ನು ಮೊದಲು ಹೊಡೆಸಿದ. ಈಗಿನ ಅಳತೆಯ ಸವರನ್ ಬಂದದ್ದು 1817ರಲ್ಲಿ. ತೂಕ ಎಂಟು ಗ್ರಾಮಿಗೆ ಕೂದಲೆಳೆಯಷ್ಟು ಕಡಿಮೆ, 7.988 ಗ್ರಾಂ. ಸಾವರಿನ್ ಎಂದರೆ ಎಲ್ಲರ ಮೇಲಿರುವವನು, ರಾಜ. ಆ ಪದ ಹುಟ್ಟಿದ್ದೂ ಸೂಪರ್‌ನಿಂದಲೇ. 2015ರಿಂದ ಸರ್ಕಾರ ‘ಸಾವರಿನ್ ಗೋಲ್ಡ್ ಬಾಂಡ್’ ಕೊಡತೊಡಗಿದಾಗ ನಾನಾಗಲೇ ನಿವೃತ್ತನಾಗಿದ್ದೆ. ಇಲ್ಲದಿದ್ದರೆ ಕೌಂಟರಿನಲ್ಲಿ ಕುಳಿತು ಬಂದವರಿಗೆಲ್ಲ ಈ ಕಥೆ ಹೇಳಿ ಸಾಲು ಬೆಳೆಸುತ್ತಿದ್ದೆನೇನೋ.

ನಿವೃತ್ತಿ ಎಂದೆನಲ್ಲ, ಅದಕ್ಕೆ ಕಾಗದಪತ್ರದಲ್ಲಿ ಬರೆಯುವ ಪದ ‘ಸೂಪರ್‌ಆನ್ಯುಯೇಷನ್’. ಸೂಪರ್ ಎಂದರೆ ಮೇಲೆ, ಆನ್ನುಸ್ ಎಂದರೆ ವರ್ಷ. ವರ್ಷ ಮೇಲಾಯಿತು ಎಂದರ್ಥ. ಇದರ ಮೂಲ ಹುಡುಕಿದರೆ ನಗು ಬರುತ್ತದೆ. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಒಂದು ವರ್ಷ ದಾಟಿದ ದನಕರುಗಳಿಗೆ ಈ ಮಾತು ಬಳಸುತ್ತಿದ್ದರಂತೆ. ಹಾರ ಹಾಕಿ, ಶಾಲು ಹೊದಿಸಿ, ಕೈಗೆ ಗಡಿಯಾರ ಕೊಟ್ಟು ಕಳಿಸುವ ದಿನ ನಮಗೆಲ್ಲ ಹಚ್ಚಿದ ಹೆಸರು ಇದು!

ಹಾಗೆಂದು ಬೇಸರಪಡಬೇಡಿ. ಎಂಬತ್ತು ತುಂಬಿದ ಹಿರಿಯರಿಗೆ ಆದಾಯ ತೆರಿಗೆಯವರು ‘ಸೂಪರ್ ಸೀನಿಯರ್ ಸಿಟಿಜನ್’ ಎಂಬ ಬಿರುದು ಕೊಟ್ಟಿದ್ದಾರೆ. 2011ರ ಬಜೆಟ್ಟಿನಲ್ಲಿ ಬಂದದ್ದು. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರೆ ಅವರಿಗೆ ಐದು ಲಕ್ಷ ರೂಪಾಯಿವರೆಗೆ ತೆರಿಗೆ ಇಲ್ಲ. ನನಗೆ ಇನ್ನೂ ಕೆಲವು ವರ್ಷ ಕಾಯಬೇಕು. ಶಾಲೆಯಲ್ಲಿ ಯಾವ ಮೇಷ್ಟರೂ ನನ್ನನ್ನು ಸೂಪರ್ ಅನ್ನಲಿಲ್ಲ, ತೆರಿಗೆ ಇಲಾಖೆಯಾದರೂ ಅನ್ನಲಿ.

ಇದೇ ಕುಲದ ಒಂದು ಪದ ಬೈಗುಳವಾಗಿ ಹುಟ್ಟಿ ಹೊಗಳಿಕೆಯಾಗಿ ಬೆಳೆದಿದೆ. ‘ಸೂಪರ್ಬ್’. ಲ್ಯಾಟಿನ್ನಿನ ‘ಸೂಪರ್ಬುಸ್’ ಎಂದರೆ ತಾನೇ ಎಲ್ಲರಿಗಿಂತ ಮೇಲೆ ಎಂದು ಬೀಗುವವನು, ದುರಹಂಕಾರಿ. ರೋಮ್ ನಗರದ ಕೊನೆಯ ರಾಜನ ಹೆಸರು ಟಾರ್ಕ್ವಿನಿಯುಸ್ ಸೂಪರ್ಬುಸ್. ಅವನ ದರ್ಪ ತಾಳಲಾರದೆ ಜನ ಅವನನ್ನು ಊರುಬಿಟ್ಟು ಓಡಿಸಿದರು ಎಂದು ರೋಮನ್ನರ ಇತಿಹಾಸ ಹೇಳುತ್ತದೆ. ಅವರ ಲೆಕ್ಕದಲ್ಲಿ ಅದು ಕ್ರಿಸ್ತಪೂರ್ವ 509. ಆಮೇಲೆ ರೋಮಿನಲ್ಲಿ ರಾಜರೇ ಇಲ್ಲ. ಮುಂದೆ ಈ ಪದ ಇಂಗ್ಲಿಷಿಗೆ ಬಂದಾಗ ಭವ್ಯವಾದ ಕಟ್ಟಡಗಳಿಗೆ ಅಂಟಿಕೊಂಡು ‘ವೈಭವದ’ ಎಂದಾಯಿತು, ಕೊನೆಗೆ ‘ಬಹಳ ಚೆನ್ನಾಗಿದೆ’ ಎಂದಾಯಿತು. ಆದ್ದರಿಂದ ಇಂಗ್ಲಿಷ್ ಪರೀಕ್ಷೆಯಲ್ಲಿ ಸೂಪರ್ಬ್ ಎಂದು ಧಾರಾಳವಾಗಿ ಬರೆಯಿರಿ. ಸೂಪರ್ ಅನ್ನುವುದು ಮಾತಿನಲ್ಲಿ ಸರಿ, ಪರೀಕ್ಷೆಯ ಪ್ರಬಂಧಕ್ಕೆ ಅಷ್ಟು ಹೊಂದುವುದಿಲ್ಲ. ಇನ್ನೊಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಬರೆಯುವಾಗ ಪಿ ಅಕ್ಷರ ಒಂದೇ ಇರಲಿ. ಎರಡು ಬರೆದರೆ ಅದು ಸಪ್ಪರ್, ರಾತ್ರಿಯ ಊಟ. ಆ ಊಟಕ್ಕೂ ನಮ್ಮ ಪದಕ್ಕೂ ಯಾವ ಸಂಬಂಧವೂ ಇಲ್ಲ.

ಸರಿ, ಬರೀ ‘ಮೇಲೆ’ ಎಂದಿದ್ದ ಪದ ‘ಭೇಷ್’ ಎಂದು ಹೇಗಾಯಿತು? ಇಲ್ಲಿಯೇ ನನ್ನಂಥವನಿಗೆ ಖುಷಿ. ಆ ಕೆಲಸ ಮಾಡಿದವರು ಕವಿಗಳಲ್ಲ, ಪಂಡಿತರಲ್ಲ. ಮಾಲಿಗೆ ದರ್ಜೆ ಕಟ್ಟುವ ವ್ಯಾಪಾರಿಗಳು. ಇಂಗ್ಲೆಂಡಿನ ಬಟ್ಟೆ ಪೇಟೆಯಲ್ಲಿ ನಯವಾದ ಬಟ್ಟೆ ‘ಫೈನ್’, ಅದಕ್ಕಿಂತ ನಯವಾದದ್ದು ‘ಸೂಪರ್‌ಫೈನ್’. ದಿನಾ ನೂರು ಸಲ ಅಷ್ಟುದ್ದ ಯಾರು ಹೇಳುತ್ತಾರೆ? ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲ ಕತ್ತರಿಸಿ ‘ಸೂಪರ್’ ಎಂದರು. ಮೊದಲ ದರ್ಜೆಯ ಮಾಲು ಎಂಬ ಅರ್ಥ ಅದಕ್ಕೆ ಅಂಟಿತು. ಅಲ್ಲಿಂದ ಅಂಗಡಿಯ ಮೆಟ್ಟಿಲಿಳಿದು ಜನರ ಬಾಯಿಗೆ ಬಂದು, ಯಾವುದು ಚೆನ್ನಾಗಿದ್ದರೂ ಸೂಪರ್ ಆಯಿತು. ದೊಡ್ಡ ದರ್ಜಿಗಳ ಅಂಗಡಿಯಲ್ಲಿ ಸೂಟಿನ ಬಟ್ಟೆಯ ಅಂಚು ನೋಡಿ, ‘ಸೂಪರ್ 100’, ‘ಸೂಪರ್ 120’ ಎಂದು ಈಗಲೂ ನೇಯ್ದಿರುತ್ತದೆ. ಉಣ್ಣೆಯ ಎಳೆ ಎಷ್ಟು ಸಣ್ಣ ಎಂಬುದರ ಗುರುತು ಅದು. ನಮ್ಮ ಮಿಲ್ಲುಗಳ ಪಂಚೆಯ ಮೇಲೂ ‘ಸೂಪರ್‌ಫೈನ್’ ಎಂಬ ಮುದ್ರೆ ಇರುತ್ತಿತ್ತು. ನಮ್ಮಪ್ಪ ಹಬ್ಬಕ್ಕೆ ಮಾತ್ರ ಅದನ್ನು ಉಡುತ್ತಿದ್ದರು.

ಈ ಪದವನ್ನು ನಾನು ಕೈಯಾರೆ ನೂರಾರು ಸಲ ಬರೆದದ್ದು ಸಿರುಗುಪ್ಪದಲ್ಲಿ. ನಮ್ಮ ಬಳ್ಳಾರಿ ಸೀಮೆಯ ಹೊರಗಿನವರಿಗೆ ಹೇಳುತ್ತೇನೆ, ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಸಿರುಗುಪ್ಪ ಎಂದರೆ ಭತ್ತ, ಭತ್ತ ಎಂದರೆ ಸಿರುಗುಪ್ಪ ಎಂಬಂತಾಯಿತು. ಸೋನಾಮಸೂರಿ ಅಕ್ಕಿಯನ್ನು ನೀವೆಲ್ಲ ಉಂಡಿರುತ್ತೀರಿ. ಊರ ತುಂಬ ಅಕ್ಕಿ ಗಿರಣಿಗಳು. ಗಿರಣಿಯವರು ಗೋದಾಮಿನಲ್ಲಿ ಭತ್ತ ಇಟ್ಟು, ಅದರ ಮೇಲೆ ಬ್ಯಾಂಕಿನಿಂದ ಸಾಲ ತೆಗೆಯುತ್ತಿದ್ದರು. ಬಾಗಿಲಿಗೆ ಬ್ಯಾಂಕಿನ ಬೀಗ, ಬ್ಯಾಂಕಿನ ಬೋರ್ಡು. ಆಗ ಸರ್ಕಾರದ ಬೆಂಬಲ ಬೆಲೆಗೆ ಭತ್ತವನ್ನು ಕಾಳಿನ ಉದ್ದ, ಗಾತ್ರ ನೋಡಿ ಮೂರು ಮಾಡಿದ್ದರು. ಸಾಮಾನ್ಯ, ಫೈನ್, ಸೂಪರ್‌ಫೈನ್. ಈಗ ಸಾಮಾನ್ಯ ಮತ್ತು ‘ಎ’ ದರ್ಜೆ ಎಂದು ಎರಡೇ ಉಳಿದಿವೆ. ಸ್ಟಾಕಿನ ಪಟ್ಟಿಯಲ್ಲಿ ಎಷ್ಟು ಚೀಲ, ಯಾವ ದರ್ಜೆ ಎಂದು ನಾನು ಬರೆಯಬೇಕು. ದರ್ಜೆಯ ಮೇಲೆ ಬೆಲೆ, ಬೆಲೆಯ ಮೇಲೆ ಸಾಲ.

ಒಂದು ಗಿರಣಿಯಲ್ಲಿ ಕಾಳು ನೋಡುವ ಮುದುಕರೊಬ್ಬರಿದ್ದರು. ನಾನಾಗ ಮೂವತ್ತರ ಆಸುಪಾಸು, ಅವರಿಗೆ ನನ್ನ ಈಗಿನ ವಯಸ್ಸು. ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಕಬ್ಬಿಣದ ಕೊಳವೆಯೊಂದು ಅವರ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿತ್ತು. ಮೇಲಿನ ಚೀಲಕ್ಕೊಂದು, ನಡುವಿನದಕ್ಕೊಂದು, ಅಡಿಯದಕ್ಕೊಂದು ಚುಚ್ಚುತ್ತಿದ್ದರು. ಭತ್ತವನ್ನು ಅಂಗೈಯಲ್ಲಿ ಹಾಕಿ ಇನ್ನೊಂದು ಅಂಗೈಯಿಂದ ತಿಕ್ಕುತ್ತಿದ್ದರು. ಉಫ್ ಎಂದು ಊದಿದರೆ ಹೊಟ್ಟು ಹಾರಿ ಅಕ್ಕಿ ಉಳಿಯುತ್ತಿತ್ತು. ಬಿಸಿಲಿಗೆ ಹಿಡಿದು ನೋಡುವರು. ಜೊಳ್ಳೆಷ್ಟು, ನುಚ್ಚೆಷ್ಟು, ಕೆಂಪು ಕಾಳು ಎಷ್ಟು. ಆಮೇಲೆ ಒಂದು ಕಾಳು ಬಾಯಿಗೆ. ಕಟ್ ಎಂದು ಸದ್ದಾದರೆ ಚೆನ್ನಾಗಿ ಒಣಗಿದೆ, ಮೆತ್ತಗೆ ಮುರಿದರೆ ಹಸಿ ಇದೆ. ಇಷ್ಟೆಲ್ಲ ಆದ ಮೇಲೆ ನನ್ನ ಕಡೆ ತಿರುಗಿ, “ಬರ್ಕೋರಿ ಸ್ವಾಮಿ, ಇದು ಸೂಪರ್” ಅನ್ನುತ್ತಿದ್ದರು. ಇಲ್ಲವೇ, “ಫೈನ್ ಸಾಕು ಇದಕ್ಕ.”

ಒಂದು ದಿನ ಗಿರಣಿಯ ಯಜಮಾನರು ಆತುರದಲ್ಲಿದ್ದರು. “ಸೂಪರ್ ಅನ್ನಪ್ಪ, ಮುಗಿಸು, ನೋಡೋದೇನೈತೆ?” ಎಂದರು. ಮುದುಕರು ಕೊಳವೆ ಕೆಳಗಿಡಲಿಲ್ಲ. “ನಾನು ಅಂದ್ರ ಏನು ಬಂತು ಧಣಿ, ಕಾಳು ಅನ್ಬೇಕಲ್ಲ” ಎಂದು ಮತ್ತೊಂದು ಚೀಲಕ್ಕೆ ಚುಚ್ಚಿದರು. ಯಜಮಾನರು ನಕ್ಕು ಹೊರಗೆ ಹೋದರು. ಆ ದಿನ ಆ ರಾಶಿಗೆ ಸೂಪರ್ ಸಿಗಲಿಲ್ಲ.

ಕನ್ನಡಕ್ಕೆ ಬಂದ ಮೇಲೆ ಸೂಪರ್ ನಮ್ಮ ವ್ಯಾಕರಣವನ್ನೇ ಉಟ್ಟುಕೊಂಡಿತು. ಕಾರ್ ಕಾರಾದಂತೆ, ಬಸ್ ಬಸ್ಸಾದಂತೆ ಇದೂ ‘ಸೂಪರ್ರು’ ಆಯಿತು. ‘ಸೂಪರಾಗಿ ಹಾಡಿದಳು’, ‘ಸೂಪರೋ ಸೂಪರು’ ಎಂದೆಲ್ಲ ಬೆಳೆಯಿತು. ‘ಸೂಪರ್ ಡೂಪರ್’ ಎನ್ನುತ್ತೀರಲ್ಲ, ಆ ಡೂಪರ್ರಿಗೆ ಬೇರೆ ಅರ್ಥ ಹುಡುಕಬೇಡಿ. ನಮ್ಮಲ್ಲಿ ಊಟ–ಗೀಟ, ಪುಸ್ತಕ–ಗಿಸ್ತಕ ಅನ್ನುವಂತೆ ಇಂಗ್ಲಿಷಿನವರ ಪ್ರಾಸ. 2010ರಲ್ಲಿ ಉಪೇಂದ್ರ ಅವರ ಸಿನಿಮಾ ಒಂದು ಬಂತು. ಅದರ ಹೆಸರನ್ನು ಅಕ್ಷರದಲ್ಲಿ ಬರೆಯದೆ ಹೆಬ್ಬೆರಳು, ತೋರುಬೆರಳು ಕೂಡಿಸಿದ ಕೈಯ ಚಿತ್ರವನ್ನೇ ಹಾಕಿದ್ದರು. ಜನ ಅದನ್ನು ಯಾರೂ ಹೇಳಿಕೊಡದೆ ‘ಸೂಪರ್’ ಎಂದೇ ಓದಿದರು. ಬಾಯಿ ಬಿಡದೆ ಬೆರಳಲ್ಲೇ ಅನ್ನುವಷ್ಟು ಈ ಪದ ನಮ್ಮದಾಗಿತ್ತು. ಮಕ್ಕಳ ಅಚ್ಚುಮೆಚ್ಚಿನ ಸೂಪರ್‌ಮ್ಯಾನ್ ಚಿತ್ರಕಥೆಯಲ್ಲಿ ಕಾಣಿಸಿಕೊಂಡದ್ದು 1938ರಲ್ಲಿ. ಅದಕ್ಕೂ ಮೊದಲು, 1903ರಲ್ಲೇ, ಬರ್ನಾರ್ಡ್ ಷಾ ತಮ್ಮ ನಾಟಕವೊಂದರ ಹೆಸರಿನಲ್ಲಿ ಆ ಪದ ಇಟ್ಟಿದ್ದರು. ಜರ್ಮನಿಯ ನೀಚೆ ಎಂಬ ತತ್ತ್ವಜ್ಞಾನಿಯ ಪದದ ಅನುವಾದ ಅದು. ಮೊದಲಿನ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ಯೋಚನೆ ಮಾಡುತ್ತಿದ್ದ.

ನಾಟಕದ ಮಾತು ಬಂತು. ಬಳ್ಳಾರಿಯವನಾಗಿ ಅಲ್ಲಿ ನಿಲ್ಲದೆ ಮುಂದೆ ಹೋಗಲಾರೆ. ವಕೀಲರಾಗಿದ್ದುಕೊಂಡೇ ರಂಗದ ಮೇಲೆ ಹೆಸರು ಮಾಡಿದ ಬಳ್ಳಾರಿ ರಾಘವರ (1880–1946) ಊರಿದು. ಅವರ ಹೆಸರಿನ ರಾಘವ ಕಲಾಮಂದಿರ ಈಗಲೂ ಇದೆ. ಇಂಗ್ಲಿಷ್ ರಂಗಭೂಮಿಯಲ್ಲಿ ‘ಸೂಪರ್’ ಎಂದರೆ ಯಾರು ಗೊತ್ತೇ? ನಾಯಕನಲ್ಲ! ಈಟಿ ಹಿಡಿದು ಮೂಲೆಯಲ್ಲಿ ನಿಲ್ಲುವ, ಒಂದೂ ಮಾತಿಲ್ಲದ ಹೆಚ್ಚುವರಿ ಪಾತ್ರಧಾರಿ. ‘ಸೂಪರ್‌ನ್ಯೂಮರರಿ’, ಲೆಕ್ಕಕ್ಕಿಂತ ಮೇಲಿನವನು ಎಂಬುದರ ಮೊಟಕು ರೂಪ. ಶಾಲಾ ನಾಟಕದಲ್ಲಿ ನಿಮಗೆ ದ್ವಾರಪಾಲಕನ ಪಾರ್ಟು ಕೊಟ್ಟರೆ ಧೈರ್ಯವಾಗಿ ‘ನಾನು ಸೂಪರ್’ ಎಂದು ಹೇಳಿಕೊಳ್ಳಿ.

ನಾನು ಚಿಕ್ಕವನಿದ್ದಾಗ ಕಂಪನಿ ನಾಟಕಕ್ಕೆ ಹೋದರೆ ಸೂಪರ್ ಎಂಬ ಕೂಗು ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ‘ವನ್ಸ್ ಮೋರ್’. ಹಾಡು ಮೆಚ್ಚಿದರೆ ಮತ್ತೊಮ್ಮೆ ಹಾಡಿಸದೆ ಜನ ಬಿಡುತ್ತಿರಲಿಲ್ಲ. ಸತ್ತು ಬಿದ್ದ ಪಾತ್ರಧಾರಿ ಎದ್ದು ಬಂದು ಹಾಡಿ, ನಮಸ್ಕಾರ ಮಾಡಿ, ಮತ್ತೆ ಸಾಯುತ್ತಿದ್ದ. ಆ ಕೂಗು ಕೂಡ ಇಂಗ್ಲಿಷೇ, ಆದರೆ ಇಂಗ್ಲಿಷಿನವರು ಅಂಥ ಸಂದರ್ಭದಲ್ಲಿ ಬಳಸುವುದು ‘ಆಂಕೋರ್’ ಎಂಬ ಫ್ರೆಂಚ್ ಪದ. ವನ್ಸ್ ಮೋರ್ ಎಂದು ಕೂಗಬೇಕಾದರೆ ಯಾವ ಹಾಡು, ಯಾವ ಮಟ್ಟು ಎಂದು ಗೊತ್ತಿರಬೇಕು, ಇನ್ನೊಂದು ಹತ್ತು ನಿಮಿಷ ಕೂರಲು ಸಿದ್ಧರಿರಬೇಕು. ಆ ಮೆಚ್ಚುಗೆಗೆ ಖರ್ಚಿತ್ತು.

ನಮ್ಮ ಹಿರಿಯರ ಮೆಚ್ಚುಗೆಯ ಮಾತುಗಳೂ ಎಲ್ಲೆಲ್ಲಿಂದಲೋ ಬಂದವೇ. ‘ಶಹಬ್ಬಾಸ್’ ಪಾರ್ಸಿಯ ‘ಶಾದ್ ಬಾಶ್’, ಸಂತೋಷವಾಗಿರು ಎಂಬ ಹರಕೆ. ‘ಭೇಷ್’ ಕೂಡ ಅಲ್ಲಿಯದೇ, ಮೂಲದಲ್ಲಿ ‘ಹೆಚ್ಚು’ ಎಂದರ್ಥ. ನೋಡಿ, ಅಲ್ಲೂ ಸೂಪರ್ರಿನ ನೆರಳು. ‘ಸಖತ್’ ಎಂದರೆ ಗಟ್ಟಿ, ಕಠಿಣ. ಇಂಗ್ಲಿಷಿನ ‘ಟೆರಿಫಿಕ್’ ಹುಟ್ಟಿದ್ದು ಭಯದಿಂದ. ನಾವೂ ‘ಭಯಂಕರ ಚೆನ್ನಾಗಿದೆ’ ಅನ್ನುವುದಿಲ್ಲವೇ? ಪರಭಾಷೆಯ ಪದ ಎಂದು ಸೂಪರನ್ನು ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಓಡಿಸಿದರೆ ಶಹಬ್ಬಾಸೂ ಜೊತೆಗೆ ಗಂಟು ಕಟ್ಟಬೇಕಾಗುತ್ತದೆ. ಇಂಗ್ಲಿಷ್ ಪದಕ್ಕೆ ಕನ್ನಡ ಪದ ಹೊಂದಿಸುವ ಕೆಲಸಕ್ಕೆ ನಮ್ಮೂರಲ್ಲೇ ಇನ್ನೂರು ವರ್ಷದ ಚರಿತ್ರೆ ಇದೆ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು ಮದ್ರಾಸಿನಲ್ಲಿ ಅಚ್ಚಾದದ್ದು 1824ರಲ್ಲಿ. ನಮ್ಮ ಅಜ್ಜಿಯರ ಮೆಚ್ಚುಗೆಗಂತೂ ಪದವೇ ಬೇಕಿರಲಿಲ್ಲ. ಎದುರಿಗೆ ಹೊಗಳಿದರೆ ಮಗುವಿಗೆ ದೃಷ್ಟಿಯಾದೀತೆಂದು ಕೆನ್ನೆ ಸವರಿ ನೆಟಿಗೆ ಮುರಿದು ಸುಮ್ಮನಾಗುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯೂ ಇತ್ತೆನ್ನಿ.

ಈಗ ನನ್ನ ಮೊಮ್ಮಗಳ ವಿಷಯ. ಆರನೇ ತರಗತಿ. ಬೇಸಿಗೆ ರಜೆಯಲ್ಲಿ ಒಂದು ಕಥೆ ಬರೆದಳು. ಅದು ನಮ್ಮೂರ ಕೋಟೆಯ ಕಥೆ. ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಬಳ್ಳಾರಿಯನ್ನು ಹಿಡಿದ ಮೇಲೆ ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಬಳ್ಳಾರಿ ಗುಡ್ಡದ ಕೋಟೆಯನ್ನು ಬಲಪಡಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರ! ಅಲ್ಲಿ ಫಿರಂಗಿ ಇಟ್ಟರೆ ಕೋಟೆ ಕೈಬಿಟ್ಟಂತೆಯೇ. ಸಿಟ್ಟಿಗೆದ್ದ ಹೈದರಾಲಿ ಎಂಜಿನಿಯರನನ್ನು ಗಲ್ಲಿಗೇರಿಸಿದ ಎಂಬುದು ಇಲ್ಲಿನ ಐತಿಹ್ಯ. ಈ ಕುಂಬಾರ ಗುಡ್ಡ ಆಗ್ನೇಯ ದಿಕ್ಕಿನಿಂದ ನೋಡಿದರೆ ಮನುಷ್ಯನ ಮುಖದಂತೆ ಕಾಣುತ್ತದೆ. ಅದಕ್ಕೇ ಇಂಗ್ಲಿಷಿನಲ್ಲಿ ‘ಫೇಸ್ ಹಿಲ್’ ಎಂದು ಹೆಸರು.

ಮುಖ ಇದ್ದ ಮೇಲೆ ಬಾಯಿಯೂ ಇರಬೇಕಲ್ಲ ಎಂದು ನಮ್ಮ ಹುಡುಗಿ ಆ ಗುಡ್ಡದ ಕೈಯಲ್ಲೇ ಕಥೆ ಹೇಳಿಸಿದ್ದಳು. “ನಾನು ಏನೂ ಮಾಡಲಿಲ್ಲ, ಎತ್ತರ ಇದ್ದೆ ಅಷ್ಟೆ” ಎಂದು ಗುಡ್ಡ ಶುರು ಮಾಡುತ್ತದೆ. ಮೂರು ಪುಟದ ಕಥೆ. ಅವಳಮ್ಮ ಫೋಟೋ ತೆಗೆದು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದಳು. ನನ್ನದು ಗುಂಡಿ ಒತ್ತುವ ಹಳೆಯ ಫೋನು, ಗುಂಪಿನಲ್ಲಿ ನಾನಿಲ್ಲ. ಸಂಜೆ ಹುಡುಗಿ ಬಂದು ನನ್ನ ಕುರ್ಚಿಯ ಕೈ ಮೇಲೆ ಕೂತಳು. ಮುಖ ಸಪ್ಪಗಿತ್ತು.

“ಯಾಕಮ್ಮಾ, ಯಾರೂ ಏನೂ ಅನ್ನಲಿಲ್ವಾ?”

“ಎಲ್ಲಾರೂ ಅಂದ್ರು ತಾತ. ಹದಿನಾಲ್ಕು ಸೂಪರ್ ಬಂದವು.”

“ಮತ್ತೆ?”

“ಅಮ್ಮ ಎರಡೇ ಪುಟ ಹಾಕಿದ್ಲು. ಮೂರನೇದು ಮರೆತುಬಿಟ್ಟಾಳೆ. ಆಮೇಲೇನಾಯ್ತು ಅಂತ ಒಬ್ಬರೂ ಕೇಳಲಿಲ್ಲ.”

ನನಗೆ ಥಟ್ಟನೆ ಸಿರುಗುಪ್ಪದ ಮುದುಕರ ಕೊಳವೆ ನೆನಪಾಯಿತು. “ಎಲ್ಲಿ, ಹಾಳೆ ತಾ” ಎಂದೆ. ಪೆನ್ಸಿಲ್ ಹಿಡಿದು ಮೂರೂ ಪುಟ ಓದಿದೆ, ಒಂದು ಸಲ ಅಲ್ಲ, ಎರಡು ಸಲ. ಅವಳು ಪಕ್ಕದಲ್ಲಿ ನಿಂತು ನನ್ನ ಕಣ್ಣು ಎಲ್ಲಿಗೆ ಬಂತು ಎಂದು ನೋಡುತ್ತಲೇ ಇದ್ದಳು. ಎರಡನೇ ಪುಟದಲ್ಲಿ ಹೈದರಾಲಿಯ ಸಿಪಾಯಿಗಳು ಗುಡ್ಡಕ್ಕೆ ಹಗ್ಗ ಹಿಡಿದು ಅಳತೆ ಮಾಡಲು ಬಂದಾಗ, ಗುಡ್ಡ ಉಸಿರು ಬಿಗಿಹಿಡಿದು ಕುಗ್ಗಲು ನೋಡುತ್ತದೆ. ಅಲ್ಲಿ ನನಗೆ ನಗುವೂ ಬಂತು, ಎದೆಯೂ ಭಾರವಾಯಿತು. ಅದನ್ನೇ ಹೇಳಿದೆ. ಎಂಜಿನಿಯರನಿಗೆ ಊರಲ್ಲಿ ಮಕ್ಕಳಿದ್ದರು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಳು. ಅದನ್ನು ಗುಡ್ಡಕ್ಕೆ ಯಾರು ಹೇಳಿದರು ಎಂದು ಕೇಳಿದೆ. ಅವಳಿಗೆ ಉತ್ತರ ಗೊತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ ಯೋಚನೆ ಮಾಡಿದಳು. “ರಾತ್ರಿ ಅವನೇ ಬಂದು ಗುಡ್ಡಕ್ಕೆ ಒರಗಿ ಕೂತು ಹೇಳ್ತಾನೆ ತಾತ” ಎಂದಳು. ಎಂದವಳೇ ಹಾಳೆ ಕಿತ್ತುಕೊಂಡು ಒಳಗೆ ಓಡಿದಳು. ಊಟಕ್ಕೆ ಮೂರು ಸಲ ಕರೆಯಬೇಕಾಯಿತು. ಈಗ ಕಥೆ ಐದು ಪುಟ ಆಗಿದೆ.

ಆ ಹದಿನಾಲ್ಕು ಜನರನ್ನು ನಾನು ಬೈಯುವುದಿಲ್ಲ. ಎಲ್ಲರೂ ಅವಳನ್ನು ಪ್ರೀತಿಸುವವರೇ. ಒಬ್ಬರು ಬಸ್ಸಿನಲ್ಲಿದ್ದಿರಬಹುದು, ಒಬ್ಬರ ಕೈಯಲ್ಲಿ ಸೌಟು ಇದ್ದಿರಬಹುದು. ಆದರೆ ಬ್ಯಾಂಕಿನಲ್ಲಿ ನಾವು ಚೆಕ್ಕಿನ ಮೇಲೆ ‘ಪಾವತಿಯಾಗಿದೆ’ ಎಂಬ ರಬ್ಬರ್ ಮುದ್ರೆ ಹೊಡೆಯುತ್ತಿದ್ದೆವು. ಆ ಚೆಕ್ಕನ್ನು ಮತ್ತೆ ಯಾರೂ ನೋಡಬೇಕಾಗಿಲ್ಲ ಎಂದು ಅದರ ಅರ್ಥ. ಆ ಹದಿನಾಲ್ಕು ಸೂಪರ್ ಅವಳಿಗೆ ಹಾಗೆ ಕಂಡಿರಬೇಕು. ಸೂಪರ್ ಎಂದರೆ ಮೇಲೆ. ಯಾವುದರ ಮೇಲೆ, ಎಷ್ಟು ಮೇಲೆ, ಎದುರಿಗೆ ಇನ್ನೊಂದು ಗುಡ್ಡ ಇದೆಯೇ ಎಂದು ತಿಳಿಯಬೇಕಾದರೆ ಅಳತೆಯ ಹಗ್ಗ ಹಿಡಿದು ಸ್ವಲ್ಪ ಹತ್ತಲೇಬೇಕು. ಫ್ರೆಂಚ್ ಎಂಜಿನಿಯರ್ ಆ ಕಷ್ಟ ತೆಗೆದುಕೊಂಡಿದ್ದರೆ ಬದುಕುತ್ತಿದ್ದ.

ಈಗ ನಮ್ಮ ಮನೆಯಲ್ಲಿ ಹುಡುಗಿ ಒಂದು ಆಟ ಹೂಡಿದ್ದಾಳೆ. ಸೂಪರ್ ಅಂದವರು ‘ಏನು ಸೂಪರ್?’ ಎಂಬುದಕ್ಕೆ ಕೂಡಲೇ ಜವಾಬು ಕೊಡಬೇಕು. ಕೊಡದಿದ್ದರೆ ಮಣ್ಣಿನ ಹುಂಡಿಗೆ ಒಂದು ರೂಪಾಯಿ. ನೀವೂ ಆಡಿ ನೋಡಿ. ಮೊದಲ ವಾರ ಅವಳಪ್ಪನಿಂದಲೇ 22 ರೂಪಾಯಿ ವಸೂಲಾಯಿತು. ಲೆಕ್ಕಪತ್ರ ನನ್ನದೇ, ಹುಂಡಿಗೆ ಒಂದು ಪಾಸ್‌ಬುಕ್ಕೂ ಮಾಡಿದ್ದೇನೆ.

ಮೊನ್ನೆ ರಾತ್ರಿ ನನ್ನ ಸರದಿ ಬಂತು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಎರಡು ತುತ್ತು ಹೋದ ಮೇಲೆ ತಾನಾಗಿ ಬಾಯಿಂದ ‘ಸೂಪರ್’ ಬಿತ್ತು. ಮೊಮ್ಮಗಳು ಹುಂಡಿ ಎತ್ತಿ ಅಲ್ಲಾಡಿಸಿದಳು. ನಾನು ಸೋಲುವವನೇ? ಶೇಂಗಾ ಪುಡಿ ಹದವಾಗಿ ಹುರಿದು ಹಾಕಿದ್ದರಿಂದ ಘಮ ಬಂದಿದೆ, ಬದನೆಕಾಯಿ ಬೆಂದರೂ ಒಡೆದಿಲ್ಲ, ರೊಟ್ಟಿ ಎಡಗಡೆ ಅಂಚಿನಲ್ಲಿ ಮಾತ್ರ ತುಸು ದಪ್ಪ, ಉಪ್ಪು ನಿನ್ನೆಗಿಂತ ಒಂದು ಚಿಟಿಕೆ ಮುಂದಿದೆ ಎಂದು ವಿವರವಾಗಿ ಜವಾಬು ಕೊಟ್ಟೆ.

ನನ್ನವಳು ಸೌಟು ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ಆ ಡಬ್ಬಿ ಇಲ್ಲಿ ಕೊಡವ್ವಾ, ನಿಮ್ಮ ತಾತಂದು ಒಂದು ರೂಪಾಯಿ ನಾನೇ ಹಾಕ್ತೀನಿ” ಎಂದಳು.